ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ

ಸೆಪ್ಟೆಂಬರ್ 17 ಎಂದರೆ ಆಳಂದ, ಅಫಜಲಪುರ, ಜೇವರ್ಗಿಯ ಕಡೆಯವರಿಗೆ ಬಿಡಿಸಿ ಹೇಳಬೇಕಾದುದೇನೂ ಇಲ್ಲ. 1948ರ ಆ ದಿನ ನಿಜಾಮನ ಆಳ್ವಿಕೆ ಕೊನೆಗಂಡಿತು. ಅಂದು ಶಾಲೆಗಳಲ್ಲಿ ಧ್ವಜವೇರುತ್ತದೆ, ಹಿರಿಯರು ಹಳೆಯ ಕಥೆ ಹೇಳುತ್ತಾರೆ, ಮಕ್ಕಳಿಗೆ ಸಿಹಿ ಹಂಚುತ್ತಾರೆ. ಆದರೆ ಅದೇ ತಾರೀಖಿಗೆ ಇನ್ನೊಂದು ಮಹತ್ವವೂ ಉಂಟೆಂಬುದು ಹಲವರಿಗೆ ತಿಳಿಯದು. 1683ನೆಯ ಇಸವಿಯ ಸೆಪ್ಟೆಂಬರ್ 17ರಂದು ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಐವತ್ತು ವರ್ಷದ ಬಟ್ಟೆ ವ್ಯಾಪಾರಿಯೊಬ್ಬನು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಕಾಗದ ಬರೆದನು. ಔರಂಗಜೇಬನು ದಖ್ಖಣಕ್ಕೆ ಬಂದಿಳಿದು ಬಿಜಾಪುರದ ಮೇಲೆ ಕಣ್ಣಿಟ್ಟಿದ್ದ ಕಾಲವದು. ಮೂರೇ ವರ್ಷಗಳಲ್ಲಿ, 1686ರಲ್ಲಿ, ಆದಿಲಶಾಹಿ ರಾಜ್ಯ ಅಳಿಯಿತು. ಇಲ್ಲಿ ರಾಜ್ಯವೊಂದು ಮುಳುಗುತ್ತಿದ್ದಾಗ ಅಲ್ಲಿ ಆ ವ್ಯಾಪಾರಿ ಹೊಸದೊಂದು ರಾಜ್ಯವನ್ನು ಕಂಡು ಅದರ ವರದಿ ಬರೆಯುತ್ತಿದ್ದನು. ಆ ರಾಜ್ಯವಿದ್ದುದು ಅವನ ಹಲ್ಲುಗಳ ಸಂದಿನಲ್ಲಿ.

ಅವನ ಹೆಸರು ಆಂಟನಿ ವಾನ್ ಲೀವೆನ್‌ಹುಕ್. ಬ್ಯಾಕ್ಟೀರಿಯಾಗಳನ್ನು ಮೊತ್ತಮೊದಲು ಕಂಡ ಮನುಷ್ಯನೆಂದು ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಅವನ ಹೆಸರು ಬರುತ್ತದೆ. ಕನ್ನಡ ಪಾಠ ಹೇಳುವ ನನಗೆ ಈ ಡಚ್ಚನ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಅವನಿಗೆ ಬರುತ್ತಿದ್ದುದು ತನ್ನ ತಾಯ್ನುಡಿಯೊಂದೇ. ಆ ಒಂದೇ ನುಡಿಯಲ್ಲಿ ಬರೆದು ಅವನು ಯೂರೋಪಿನ ವಿದ್ವಾಂಸರನ್ನೆಲ್ಲ ತನ್ನ ಕಡೆಗೆ ತಿರುಗಿಸಿಕೊಂಡನು. ಇದು ಮೊದಲನೆಯದು. ಎರಡನೆಯದು ನನ್ನ ತರಗತಿಗೆ ಸಂಬಂಧಿಸಿದುದು. ಹಳ್ಳಿಗಳಿಂದ ಬಸ್ಸಿಳಿದು ಬರುವ ಹುಡುಗರಲ್ಲಿ ವರ್ಷಕ್ಕೊಬ್ಬಿಬ್ಬರಾದರೂ ಮಾತನಾಡುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವವರಿರುತ್ತಾರೆ. ಹದಿನೆಂಟು ಹತ್ತೊಂಬತ್ತರ ವಯಸ್ಸು. ಮುಂದಿನ ಹಲ್ಲುಗಳು ಬಿಟ್ಟುಕೊಂಡು ಅಲುಗಾಡುತ್ತಿರುತ್ತವೆ. ಕೇಳಿದರೆ ಮೈಯ ಉಷ್ಣವೆನ್ನುತ್ತಾರೆ, ಅಪ್ಪನಿಗೂ ಹೀಗೆಯೇ ಆಗಿತ್ತೆನ್ನುತ್ತಾರೆ, ಹಣೆಬರಹವೆನ್ನುತ್ತಾರೆ. ಆ ಹಣೆಬರಹದ ಮೊದಲ ಸಾಲನ್ನು ಓದಿದವನು ಈ ಲೀವೆನ್‌ಹುಕ್. ಆದುದರಿಂದ ಅವನ ಜೀವನವನ್ನು ಅರಿಯುವುದು ನಮಗೆ ದೂರದ ಮಾತಲ್ಲ.

ಲೀವೆನ್‌ಹುಕ್ ಹುಟ್ಟಿದುದು 1632ರ ಅಕ್ಟೋಬರ್ 24ರಂದು. ತಂದೆ ಬುಟ್ಟಿ ಹೆಣೆಯುವ ಕಸುಬಿನವನು; ತಾಯಿ ಬಿಯರ್ ಭಟ್ಟಿ ನಡೆಸುತ್ತಿದ್ದ ಮನೆತನದವಳು. ಚಿತ್ರಕಲೆಯ ಇತಿಹಾಸದಲ್ಲಿ ಅಮರನಾದ ವರ್ಮೀರನೂ ಅದೇ ಊರಿನವನು. ಅದೇ ತಿಂಗಳ ಕೊನೆಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಬೆಳಕನ್ನು ಕಾಣುವುದರಲ್ಲಿ ಅಸಮಾನರಾದ ಇಬ್ಬರನ್ನು ಒಂದೇ ಸಣ್ಣ ಊರು ಒಂದೇ ತಿಂಗಳಲ್ಲಿ ಪಡೆದುದು ಒಂದು ಸೋಜಿಗವೇ ಸರಿ. ಹುಡುಗನಿಗೆ ಇನ್ನೂ ಆರು ತುಂಬುವ ಮೊದಲೇ ತಂದೆ ತೀರಿಕೊಂಡನು. ತಾಯಿ ಮರುಮದುವೆಯಾದಳು. ಮಗ ಊರ ಹೊರಗೆ ಶಾಲೆಯಲ್ಲಿ ಓದಿ, ಕೆಲಕಾಲ ಬಂಧುವೊಬ್ಬನ ಆಶ್ರಯದಲ್ಲಿದ್ದನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ಏರಲಿಲ್ಲ. ಆ ಕಾಲದ ವಿದ್ವಾಂಸರ ನುಡಿಯಾದ ಲ್ಯಾಟಿನ್ ಅವನಿಗೆ ಕೊನೆಯವರೆಗೂ ಬರಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಅವನು ಆಮ್‌ಸ್ಟರ್‌ಡಾಮಿಗೆ ಹೋಗಿ ಬಟ್ಟೆಯಂಗಡಿಯೊಂದರಲ್ಲಿ ಕೆಲಸ ಕಲಿತನು. ಬಟ್ಟೆಯ ವ್ಯಾಪಾರಿಗಳು ನೂಲಿನ ಎಳೆಗಳನ್ನೆಣಿಸಿ ನೇಯ್ಗೆಯ ಗುಣ ನಿರ್ಧರಿಸಲು ಕೈಮಸೂರವನ್ನು ಬಳಸುತ್ತಿದ್ದರು. ಕಿರಿದನ್ನು ಹಿರಿದಾಗಿಸಿ ನೋಡುವ ಅಭ್ಯಾಸ ಅವನಿಗೆ ಅಂಗಡಿಯ ಗಲ್ಲೆಯ ಮೇಲೆಯೇ ಬಂದಿರಬೇಕು. 1654ರಲ್ಲಿ ಡೆಲ್ಫ್ಟಿಗೆ ಹಿಂದಿರುಗಿ, ಬಾರ್ಬರಾ ಎಂಬವಳನ್ನು ಮದುವೆಯಾಗಿ ಸ್ವಂತ ಅಂಗಡಿ ತೆರೆದನು. ಅದೇ ವರ್ಷ ಅಕ್ಟೋಬರಿನಲ್ಲಿ ಊರಿನ ಮದ್ದಿನ ಮನೆ ಸಿಡಿದು ನಗರದ ಒಂದು ಭಾಗವೇ ನೆಲಸಮವಾಯಿತು. ಅವನ ಮನೆಯೊಳಗಿನ ದುಃಖವೂ ಕಡಿಮೆಯದಲ್ಲ. ಐದು ಮಕ್ಕಳಲ್ಲಿ ನಾಲ್ಕು ಎಳೆಯ ವಯಸ್ಸಿನಲ್ಲಿಯೇ ಹೋದವು. 1666ರಲ್ಲಿ ಹೆಂಡತಿಯೂ ತೀರಿಹೋದಳು. ಉಳಿದವಳು ಮರಿಯಾ ಎಂಬ ಮಗಳೊಬ್ಬಳೇ. ಅವಳು ಮದುವೆಯಾಗದೆ ತಂದೆಯ ಕೊನೆಗಾಲದವರೆಗೂ ಅವನ ಮನೆ ನೋಡಿಕೊಂಡಳು.

ಬಟ್ಟೆಯಂಗಡಿಯೊಡನೆ ಅವನು ಊರಿನ ಚಾಕರಿಯನ್ನೂ ಮಾಡುತ್ತಿದ್ದನು. 1660ರಲ್ಲಿ ನಗರಾಧಿಕಾರಿಗಳ ಸಭಾಗೃಹದ ಮೇಲ್ವಿಚಾರಕನಾದನು. ಬಾಗಿಲು ತೆರೆಯಿಸುವುದು, ಗುಡಿಸಿ ಶುಚಿಯಾಗಿಡಿಸುವುದು, ಚಳಿಗಾಲದಲ್ಲಿ ಬೆಂಕಿ ಹಾಕಿಸುವುದು ಆ ಹುದ್ದೆಯ ಹೊಣೆ. 1669ರಲ್ಲಿ ಭೂಮಾಪಕನ ಪರೀಕ್ಷೆಯಲ್ಲಿ ತೇರ್ಗಡೆಯಾದನು. 1676ರಲ್ಲಿ, ಸಾಲದಲ್ಲಿ ಸತ್ತಿದ್ದ ವರ್ಮೀರನ ಆಸ್ತಿಪಾಸ್ತಿಯ ವಿಲೇವಾರಿ ಅವನ ಪಾಲಿಗೆ ಬಂತು. 1679ರಲ್ಲಿ ಊರಿಗೆ ಬರುವ ಮದ್ಯದ ಪೀಪಾಯಿಗಳನ್ನಳೆಯುವ ಅಧಿಕಾರಿಯಾದನು. ನೂಲನ್ನೆಣಿಸುವುದು, ನೆಲವನ್ನಳೆಯುವುದು, ಪೀಪಾಯಿಯ ಗಾತ್ರ ಹೇಳುವುದು ಇವೆಲ್ಲ ಕಣ್ಣಂದಾಜಿನ ಕೆಲಸಗಳಲ್ಲ, ಲೆಕ್ಕದ ಕೆಲಸಗಳು. ಜೇಡರ ದಾಸಿಮಯ್ಯನನ್ನೂ ಅಂಬಿಗರ ಚೌಡಯ್ಯನನ್ನೂ ಕಂಡ ನಾಡಿನವರಾದ ನಮಗೆ, ಕಾಯಕದಲ್ಲಿಯೇ ಒಬ್ಬನ ಅರಿವು ಹದಗೊಂಡಿತೆಂದರೆ ಅಚ್ಚರಿಯಾಗಬೇಕಾಗಿಲ್ಲ.

ಅವನ ಸೂಕ್ಷ್ಮದರ್ಶಕವನ್ನು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿರುವ ಯಂತ್ರದಂತೆ ಊಹಿಸಿಕೊಳ್ಳಬಾರದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಎರಡು ಹಿತ್ತಾಳೆಯ ತಗಡುಗಳು. ಅವುಗಳ ನಡುವೆ ಸಣ್ಣ ತೂತಿನಲ್ಲಿ ಕೂರಿಸಿದ ಒಂದೇ ಒಂದು ಪುಟ್ಟ ಮಸೂರ. ನೋಡಬೇಕಾದ ವಸ್ತುವನ್ನು ಹಿಡಿಯಲು ಒಂದು ಮುಳ್ಳು. ಅದನ್ನು ಹಿಂದೆ ಮುಂದೆ ಸರಿಸಲು ತಿರುಪುಗಳು. ಇಷ್ಟೇ. ಅದನ್ನು ಕಣ್ಣಿಗೊತ್ತಿ ಹಿಡಿದು ಬೆಳಕಿನೆದುರು ನಿಲ್ಲಬೇಕು. ಇಂಥ ಐನೂರಕ್ಕೂ ಹೆಚ್ಚು ಸಾಧನಗಳನ್ನು ಅವನು ತನ್ನ ಕೈಯಿಂದಲೇ ಮಾಡಿದನು. ಉಟ್ರೆಕ್ಟ್ ನಗರದ ಸಂಗ್ರಹಾಲಯದಲ್ಲಿ ಉಳಿದಿರುವ ಒಂದು ಸಾಧನ ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹಲವು ಮಸೂರಗಳನ್ನು ಜೋಡಿಸಿದ ಅಂದಿನ ದೊಡ್ಡ ಯಂತ್ರಗಳಿಂದಲೂ ಆಗದಿದ್ದುದನ್ನು ಈ ತಗಡು ಸಾಧಿಸಿತು.

1673ರಲ್ಲಿ ಡೆಲ್ಫ್ಟಿನ ತರುಣ ವೈದ್ಯ ಡಿ ಗ್ರಾಫ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಗೆ ಇವನ ವಿಷಯವನ್ನು ತಿಳಿಸಿದನು. ಅಂದಿನಿಂದ ಸುಮಾರು ಐವತ್ತು ವರ್ಷ, ಸಾಯುವ ತನಕ, ಲೀವೆನ್‌ಹುಕ್ ಸೊಸೈಟಿಗೆ ಕಾಗದ ಬರೆಯುತ್ತಲೇ ಇದ್ದನು. ಅವುಗಳ ಸಂಖ್ಯೆ ಸುಮಾರು 190. ಎಲ್ಲವೂ ಡಚ್ ಭಾಷೆಯಲ್ಲಿ, ನೆರೆಮನೆಯವನೊಡನೆ ಮಾತಾಡುವ ಧಾಟಿಯಲ್ಲಿ. ಲಂಡನ್ನಿನ ಪಂಡಿತರು ಅವನ್ನು ಇಂಗ್ಲಿಷಿಗೋ ಲ್ಯಾಟಿನ್ನಿಗೋ ತಿರುಗಿಸಿಕೊಂಡು ಓದಿದರು. ಉರ್ದು ಬಾರದವನಿಗೆ ಸರ್ಕಾರಿ ಬಾಗಿಲು ತೆರೆಯದಿದ್ದ ಕಾಲವನ್ನು ಕಂಡಿದ್ದ ನಮ್ಮ ಭಾಗದ ಹಿರಿಯರಿಗೆ ಈ ಸಂಗತಿಯ ಬೆಲೆ ಚೆನ್ನಾಗಿ ಗೊತ್ತಾಗುತ್ತಿತ್ತು. ಹೇಳುವುದಕ್ಕೆ ನಿಜವಾದ ಸಂಗತಿಯಿದ್ದರೆ ನುಡಿ ಯಾವುದೆಂಬುದು ಅಡ್ಡಿಯಾಗದು. ಕೇಳುವವರು ತಾವಾಗಿಯೇ ಅನುವಾದಕರನ್ನು ಹುಡುಕಿಕೊಳ್ಳುತ್ತಾರೆ.

ಕರಿಮೆಣಸು ಏಕೆ ಖಾರವೆಂದು ತಿಳಿಯುವ ಕುತೂಹಲದಿಂದ ಅವನು ಮೆಣಸನ್ನು ನೀರಿನಲ್ಲಿ ನೆನೆಯಿಟ್ಟು ನೋಡಿದನು. ಡಚ್ಚರ ಹಡಗುಗಳು ಮಲಬಾರು ಮತ್ತು ಕೆನರಾ ತೀರಗಳಿಗೆ ಮೆಣಸಿಗಾಗಿ ಎಡತಾಕುತ್ತಿದ್ದ ಕಾಲವದು. ಮೆಣಸಿನ ಚೂಪು ಮುಳ್ಳುಗಳನ್ನು ಹುಡುಕಹೊರಟವನಿಗೆ ಕಂಡುದು ಆ ನೀರಿನಲ್ಲಿ ಓಡಾಡುವ ಲೆಕ್ಕವಿಲ್ಲದ ಜೀವಿಗಳು. 1676ರ ಅಕ್ಟೋಬರಿನಲ್ಲಿ ಅವನು ಬರೆದ ಈ ವರದಿಯನ್ನು ಲಂಡನ್ನಿನವರು ಸುಲಭವಾಗಿ ನಂಬಲಿಲ್ಲ. ನಂಬದಿದ್ದುದು ಅವರ ತಪ್ಪೂ ಅಲ್ಲ. ಅವನು ಸಿಟ್ಟಾಗಲಿಲ್ಲ. ಪಾದ್ರಿಗಳು ಮೊದಲಾದ ಎಂಟು ಮಂದಿ ಗಣ್ಯರನ್ನು ಕರೆದು, ಅವರ ಕಣ್ಣಿಗೆ ಮಸೂರ ಹಿಡಿದು ತೋರಿಸಿ, ಅವರಿಂದ ಬರೆಯಿಸಿಕೊಂಡ ಸಾಕ್ಷ್ಯಪತ್ರಗಳನ್ನು ಕಳುಹಿಸಿದನು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಲಂಡನ್ನಿನಲ್ಲಿಯೇ ಆ ಜೀವಿಗಳನ್ನು ಸಭೆಯವರಿಗೆ ತೋರಿಸಿದ ಮೇಲೆ ಸಂಶಯ ನಿಂತಿತು. 1680ರಲ್ಲಿ ರಾಯಲ್ ಸೊಸೈಟಿ ಈ ಅಂಗಡಿಯವನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಈಗ 1683ರ ಆ ಕಾಗದಕ್ಕೆ ಬರೋಣ. ಲೀವೆನ್‌ಹುಕ್ ತನ್ನ ಬಾಯಿಯ ಬಗ್ಗೆ ಬಹಳ ಅಚ್ಚುಕಟ್ಟಿನ ಮನುಷ್ಯ. ದಿನವೂ ಬೆಳಗ್ಗೆ ಉಪ್ಪಿನಿಂದ ಹಲ್ಲುಜ್ಜಿ ನೀರು ಮುಕ್ಕಳಿಸುವುದು, ಊಟವಾದ ಮೇಲೆ ಕಡ್ಡಿಯಿಂದ ದವಡೆಹಲ್ಲುಗಳ ಸಂದನ್ನು ಶುಚಿಮಾಡುವುದು, ಬಟ್ಟೆಯಿಂದ ಒರೆಸುವುದು ಅವನ ನಿತ್ಯಕ್ರಮ. ತನ್ನ ವಯಸ್ಸಿನವರಲ್ಲಿ ಇಷ್ಟು ಶುಭ್ರವಾದ ಹಲ್ಲುಳ್ಳವರು ವಿರಳವೆಂದೂ, ಎಷ್ಟು ಗಡುಸಾಗಿ ಉಪ್ಪು ತಿಕ್ಕಿದರೂ ವಸಡಿನಲ್ಲಿ ರಕ್ತ ಬಾರದೆಂದೂ ಅವನೇ ಹೇಳಿಕೊಂಡಿದ್ದಾನೆ. ಆದರೂ ಕೆಲವು ಹಲ್ಲುಗಳ ನಡುವೆ ಕಲಸಿದ ಹಿಟ್ಟಿನಂತಹ ಬಿಳಿಯ ಪದಾರ್ಥ ಉಳಿಯುತ್ತಿತ್ತು. ನಾವು ಹಲ್ಲಿನ ಪಾಚಿಯೆನ್ನುವುದು ಅದನ್ನೇ. ಬರಿಯ ಎಂಜಲನ್ನು ನೋಡಿದಾಗ ಅದರಲ್ಲಿ ಜೀವಿಗಳು ಕಾಣಲಿಲ್ಲ. ಈ ಬಿಳಿಯ ಪಾಚಿಯನ್ನು ಮಳೆಯ ನೀರಿನಲ್ಲಿ ಕದಡಿ ನೋಡಿದಾಗ ಮಾತ್ರ ಅವನು ಬೆರಗಾದನು. ಕೆಲವು ಜೀವಿಗಳು ಮೀನಿನಂತೆ ನೀರನ್ನು ಸೀಳಿಕೊಂಡು ಹೋಗುತ್ತಿದ್ದವು. ಕೆಲವು ಬುಗುರಿಯಂತೆ ತಿರುಗುತ್ತಿದ್ದವು. ಇನ್ನು ಕೆಲವು ಗುಂಗಾಡುಗಳ ಹಿಂಡಿನಂತೆ ಒಂದರೊಳಗೊಂದು ಹೊಕ್ಕು ಹೊರಡುತ್ತಿದ್ದವು. ಅವನು ಬರೆದ ಚಿತ್ರಗಳನ್ನು ಇಂದಿನ ತಜ್ಞರು ನೋಡಿ, ಇದು ಕೋಲಿನಾಕಾರದ ಬ್ಯಾಕ್ಟೀರಿಯಾ, ಇದು ಗುಂಡನೆಯದು, ಇದು ಸುರುಳಿಯದು ಎಂದು ಬೆರಳಿಟ್ಟು ತೋರಿಸಬಲ್ಲರು.

ತನ್ನ ಬಾಯಿಯೊಂದನ್ನೇ ನೋಡಿ ಅವನು ತೃಪ್ತನಾಗಲಿಲ್ಲ. ಹಲ್ಲನ್ನು ಚೆನ್ನಾಗಿಟ್ಟುಕೊಂಡಿದ್ದ ಇಬ್ಬರು ಸ್ತ್ರೀಯರದು, ಎಂಟು ವರ್ಷದ ಮಗುವಿನದು, ಹುಟ್ಟಿದಾಗಿನಿಂದ ಹಲ್ಲುಜ್ಜದ ಮುದುಕನೊಬ್ಬನದು, ಕುಡಿತ ಮತ್ತು ಹೊಗೆಬತ್ತಿಯ ಅಭ್ಯಾಸವಿದ್ದ ಇನ್ನೊಬ್ಬ ಮುದುಕನದು ಹೀಗೆ ಹಲವರ ಬಾಯಿಯ ಪಾಚಿಯನ್ನು ಪರೀಕ್ಷಿಸಿದನು. ಹಲ್ಲುಜ್ಜದವನ ಪಾಚಿ ಬೆರೆತ ನೀರು ತಾನೇ ಜೀವತಳೆದಂತೆ ಮಿಸುಕುತ್ತಿತ್ತು. ಇಷ್ಟು ಶುಚಿಯಾದ ತನ್ನ ಒಂದು ಬಾಯಿಯಲ್ಲಿರುವ ಜೀವಿಗಳ ಸಂಖ್ಯೆ ಇಡೀ ಹಾಲೆಂಡಿನ ಜನಸಂಖ್ಯೆಯನ್ನು ಮೀರುತ್ತದೆಂದು ಅವನು ಅಂದಾಜು ಮಾಡಿದನು. ಅವನು ಮಾಡಿದ ಇನ್ನೊಂದು ಪ್ರಯೋಗ ಮೂರು ಶತಮಾನಗಳ ಮೇಲೆಯೂ ಹಳತಾಗಿಲ್ಲ. ದ್ರಾಕ್ಷಾರಸದ ಹುಳಿಕಾಡಿಯನ್ನು ಪಾಚಿ ಕದಡಿದ ನೀರಿಗೆ ಬೆರೆಸಿದರೆ ಜೀವಿಗಳು ಕೂಡಲೆ ಸಾಯುತ್ತಿದ್ದವು. ಅದೇ ಕಾಡಿಯನ್ನು ಬಾಯಲ್ಲಿ ಮುಕ್ಕಳಿಸಿದರೆ ಹಲ್ಲಿಗಂಟಿದ ಪಾಚಿಯೊಳಗಿನವು ಬದುಕಿಯೇ ಇರುತ್ತಿದ್ದವು. ಕಾಡಿ ಪಾಚಿಯ ಹೊರಮೈಯನ್ನಷ್ಟೇ ಮುಟ್ಟುತ್ತದೆ, ಒಳಗಿಳಿಯುವುದಿಲ್ಲವೆಂದು ಅವನು ತೀರ್ಮಾನಿಸಿದನು. ಬಾಯಿ ಮುಕ್ಕಳಿಸುವ ಔಷಧದ ಸೀಸೆಯೊಂದರಿಂದಲೇ ವಸಡಿನ ರೋಗ ವಾಸಿಯಾಗದು, ಅಂಟಿದ ಪಾಚಿಯನ್ನು ಕೆರೆದೇ ತೆಗೆಯಬೇಕು ಎಂದು ಇಂದಿನ ದಂತವೈದ್ಯರು ಹೇಳುವ ಮಾತಿಗೆ ಮೂಲಾಧಾರ ಇದೇ.

1692ರಲ್ಲಿ ಮತ್ತೆ ನೋಡಿದಾಗ ಮುಂದಿನ ಹಲ್ಲುಗಳಲ್ಲಿ ಜೀವಿಗಳು ಕಾಣಲಿಲ್ಲ. ಬೆಳಗಿನ ಬಿಸಿಬಿಸಿ ಕಾಫಿ ಅವನ್ನು ಕೊಂದಿರಬೇಕೆಂದು ಊಹಿಸಿ, ಕಾಫಿಯ ಬಿಸಿ ಹೆಚ್ಚು ತಾಗದ ಹಿಂದಿನ ದವಡೆಗಳನ್ನು ನೋಡಿದನು. ಅಲ್ಲಿ ಅವು ಇದ್ದವು. 1700ರ ಸುಮಾರಿಗೆ, ಹೊಗೆ ಕೊಟ್ಟು ಹಲ್ಲಿನಿಂದ ಹೊರಬರಿಸಿದವೆಂದು ಹೇಳಲಾದ ಹುಳುಗಳನ್ನು ಯಾರೋ ಅವನಿಗೆ ಕಳುಹಿಸಿದರು. ಅವನು ಅವನ್ನು ಹಳೆಯ ಚೀಸ್ ಗಡ್ಡೆಯಲ್ಲಿನ ಹುಳುಗಳೊಡನೆ ಹೋಲಿಸಿ, ಎರಡೂ ಒಂದೇ ಜಾತಿಯವೆಂದು ತೋರಿಸಿದನು. ಹುಳುಕು ಹಲ್ಲಿಗೆ ನೆಲಗುಳ್ಳದ ಬೀಜದ ಹೊಗೆ ಹಿಡಿಸಿ ಹುಳ ಉದುರಿಸುವವರನ್ನು ನಮ್ಮ ಸಂತೆ ಜಾತ್ರೆಗಳೂ ಕಂಡಿವೆ. ಧಾನ್ಯದ ಕಣಜದ ನುಸಿ ಕಾಳಿನಿಂದ ತಾನಾಗಿ ಹುಟ್ಟುವುದಿಲ್ಲ, ತಾಯಿ ಇಟ್ಟ ಮೊಟ್ಟೆಯಿಂದಲೇ ಹುಟ್ಟುತ್ತದೆಂದು ಸಾಧಿಸಿದವನೂ ಅವನೇ. ಜೋಳ ತೊಗರಿಗಳ ನಾಡಿನವರು ಇದನ್ನು ನೆನೆಯಬೇಕು.

ಇಷ್ಟೆಲ್ಲ ಕಂಡರೂ ಈ ಜೀವಿಗಳೇ ವಸಡಿನ ರೋಗಕ್ಕೆ ಕಾರಣವೆಂದು ಅವನು ಸಾರಲಿಲ್ಲ. ನನಗೆ ಅವನ ಮೇಲಿನ ಗೌರವ ಇಮ್ಮಡಿಯಾಗುವುದು ಇಲ್ಲಿ. ಕಂಡುದನ್ನು ಕಂಡಷ್ಟೇ ಹೇಳುವುದು, ಊಹೆಯನ್ನು ಊಹೆಯೆಂದೇ ಹೇಳುವುದು ಅವನ ಶೈಲಿಯ ಮುಖ್ಯ ಗುಣ. ಆ ಶೈಲಿಯಲ್ಲಿ ಅಲಂಕಾರವಿಲ್ಲ. ಆದರೆ ಗದ್ಯ ಬರೆಯಹೊರಡುವ ನನ್ನ ವಿದ್ಯಾರ್ಥಿಗಳು ಅದರಿಂದ ಕಲಿಯುವುದು ಬಹಳವಿದೆ.

ಅವನಲ್ಲಿ ದೋಷವಿರಲಿಲ್ಲವೆ? ಇದ್ದಿತು, ಮತ್ತು ಅದು ಸಣ್ಣದಲ್ಲ. ತನ್ನ ಉತ್ತಮ ಸಾಧನಗಳನ್ನೂ ಅವನ್ನು ಮಾಡುವ ವಿಧಾನವನ್ನೂ ಅವನು ಯಾರಿಗೂ ಬಿಟ್ಟುಕೊಡಲಿಲ್ಲ. 1698ರಲ್ಲಿ ರಷ್ಯದ ಚಕ್ರವರ್ತಿ ಪೀಟರನೇ ಅವನನ್ನು ಕಾಣಬಂದು ರಕ್ತ ಹರಿಯುವುದನ್ನು ನೋಡಿಹೋದನು. 1715ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್, ತರುಣರಿಗೆ ಈ ವಿದ್ಯೆ ಕಲಿಸುವ ಶಾಲೆ ತೆರೆಯಬೇಕೆಂದು ಕೇಳಿಕೊಂಡನು. ಲೀವೆನ್‌ಹುಕ್ ಒಪ್ಪಲಿಲ್ಲ. 1723ರ ಆಗಸ್ಟ್ 26ರಂದು, ತೊಂಬತ್ತು ತುಂಬಿದ್ದ ಅವನು ತೀರಿಕೊಂಡನು. ಕೊನೆಯ ದಿನಗಳಲ್ಲಿಯೂ ತನ್ನ ವಪೆಯನ್ನು ಕಾಡುತ್ತಿದ್ದ ಬೇನೆಯ ಲಕ್ಷಣಗಳನ್ನು ವಿವರವಾಗಿ ಬರೆಯಿಸಿ ಲಂಡನ್ನಿಗೆ ಕಳುಹಿಸಿದನು. ಇಂದಿಗೂ ವೈದ್ಯರು ಆ ಬೇನೆಗೆ ಅವನ ಹೆಸರನ್ನೇ ಹೇಳುತ್ತಾರೆ. ಸೊಸೈಟಿಗೆ ಅವನು ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಮುಂದೆ ಕಳೆದುಹೋದವು. ಮಗಳು ಮರಿಯಾ ಗತಿಸಿದ ಬಳಿಕ, 1747ರಲ್ಲಿ, ಉಳಿದವು ಹರಾಜಾದವು. ಈಗ ಜಗತ್ತಿನಲ್ಲಿ ಉಳಿದಿರುವುವು ಹನ್ನೆರಡರ ಆಸುಪಾಸು. ಅವನ ಬಿಗಿಹಿಡಿದ ಗುಟ್ಟು ಬಯಲಾದುದು 2021ರಲ್ಲಿ. ಉಟ್ರೆಕ್ಟಿನ ಮಸೂರವನ್ನು ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷಿಸಿದಾಗ, ಅದು ಗಾಜಿನ ಎಳೆಯನ್ನು ಕರಗಿಸಿ ಮಾಡಿದ ಪುಟ್ಟ ಮಣಿಯೆಂದು ತಿಳಿಯಿತು. ಅಂತಹುದೇ ವಿಧಾನವನ್ನು ರಾಬರ್ಟ್ ಹುಕ್ ಲೀವೆನ್‌ಹುಕನ ಕಾಲದಲ್ಲಿಯೇ ಅಚ್ಚು ಹಾಕಿಸಿದ್ದನು! ಶಿಷ್ಯರಿಲ್ಲದ ವಿದ್ಯೆಯ ಗತಿ ಹೀಗೆ. ಅವನು ಕಂಡ ಜೀವಿಗಳ ಕಥೆಯೂ ಒಂದೂವರೆ ಶತಮಾನದ ಕಾಲ ಹೆಚ್ಚು ಮುಂದೆ ಸಾಗಲಿಲ್ಲ.

1876ರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಆಂಥ್ರಾಕ್ಸ್ ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಸಿದ್ಧಪಡಿಸಿದ ಮೇಲೆ ದಾರಿ ತೆರೆಯಿತು. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲಿ ಬಾಯಿಯ ಸೂಕ್ಷ್ಮಜೀವಿಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದನು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಾದ ಹನ್ನೆರಡು ಮಂದಿಯಿಂದ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲಾರಂಭಿಸಿದೊಡನೆ ಗುಣವಾಯಿತು. ಪಾಚಿಗೂ ವಸಡಿನ ಉರಿಗೂ ಇರುವ ನಂಟು ಹೀಗೆ ಸ್ಥಿರಪಟ್ಟಿತು.

ಆದರೆ ಒಂದು ಒಗಟು ಉಳಿಯಿತು. ಅಷ್ಟು ಶುಚಿಯಾಗಿದ್ದ ಲೀವೆನ್‌ಹುಕನ ಬಾಯಿಯಲ್ಲಿಯೂ ಜೀವಿಗಳು ಕಿಕ್ಕಿರಿದಿದ್ದವು. ಆದರೂ ಅವನ ವಸಡು ಗಟ್ಟಿಯಾಗಿತ್ತು. ಇತ್ತ ಕೆಲವು ಎಳೆಯರಲ್ಲಿ ಪಾಚಿ ಹೆಚ್ಚಿರುವುದಿಲ್ಲ. ಆದರೂ ಹಲ್ಲನ್ನು ಹಿಡಿದ ಎಲುಬು ವರ್ಷ ಎರಡು ವರ್ಷಗಳಲ್ಲಿಯೇ ಕರಗಿಹೋಗುತ್ತದೆ. ಸಾಮಾನ್ಯವಾಗಿ ಮೊದಲ ದವಡೆಹಲ್ಲುಗಳೂ ಮುಂದಿನ ಬಾಚಿಹಲ್ಲುಗಳೂ ಇದಕ್ಕೆ ಬಲಿಯಾಗುತ್ತವೆ. ನೋವಿರುವುದಿಲ್ಲವಾದುದರಿಂದ ಯಾರೂ ವೈದ್ಯರಲ್ಲಿಗೆ ಹೋಗುವುದಿಲ್ಲ. ವಸಡಿನಿಂದ ಕೀವು ರಕ್ತಗಳು ಸುರಿದು ಹಲ್ಲು ಅಲುಗುವ ಬೇನೆಯನ್ನು ದಂತವೇಷ್ಟವೆಂದು ಸುಶ್ರುತ ಸಂಹಿತೆ ವರ್ಣಿಸಿದೆ; ಆದುದರಿಂದ ವಸಡಿನ ರೋಗವೇನೋ ಹೊಸದಲ್ಲ. ಎಳೆಯರಲ್ಲಿ ಹೀಗೆ ಹಟಾತ್ತಾಗಿ ಹಬ್ಬುವ ಬಗೆಯನ್ನು ದಂತವೈದ್ಯರು ಬಹುಕಾಲ ಉಗ್ರ ವಸಡುರೋಗವೆಂದು ಬೇರೆಯಾಗಿ ಎಣಿಸುತ್ತಿದ್ದರು. 2017ರ ಅಂತರರಾಷ್ಟ್ರೀಯ ವಿಂಗಡಣೆಯಲ್ಲಿ ಆ ಹೆಸರನ್ನು ಕೈಬಿಟ್ಟು, ವೇಗವಾಗಿ ಹಬ್ಬುವ ದರ್ಜೆಯೆಂದು ಸಾಮಾನ್ಯ ವಸಡುರೋಗದೊಳಗೇ ಸೇರಿಸಿದ್ದಾರೆ.

ಇದಕ್ಕೆ ಮುಖ್ಯ ಆರೋಪಿಯೆಂದು ಹಿಡಿದಿರುವ ಬ್ಯಾಕ್ಟೀರಿಯಾದ ಹೆಸರು ನಮ್ಮ ಚಂಪೂಕಾವ್ಯದ ಸಮಾಸಗಳನ್ನೂ ನಾಚಿಸುವಂತಹುದು: ಅಗ್ರಿಗೇಟಿಬ್ಯಾಕ್ಟರ್ ಆಕ್ಟಿನೊಮೈಸಿಟೆಮ್‌ಕಾಮಿಟನ್ಸ್. 1912ರಲ್ಲಿಯೇ ಇದನ್ನು ಗುರುತಿಸಿದ್ದರೂ ಎಳೆಯರ ವಸಡುರೋಗದೊಡನೆ ಇದರ ನಂಟು ಗೊತ್ತಾದುದು 1976ರಲ್ಲಿ. ನಮ್ಮ ರಕ್ತದ ಬಿಳಿಯ ಕಣಗಳನ್ನೇ ಕೊಲ್ಲುವ ವಿಷವನ್ನು ಇದು ಹೊರಡಿಸುತ್ತದೆ. ಕಾವಲುಗಾರನನ್ನೇ ಮೊದಲು ಮುಗಿಸುವ ಕಳ್ಳನ ಜಾಣತನ ಇದರದು. ಈ ವಿಷವನ್ನು ಅತಿಯಾಗಿ ಹೊರಡಿಸುವ ಒಂದು ತಳಿಯನ್ನು ಮೊರಾಕೊ ದೇಶದ ಹದಿಹರೆಯದವರಲ್ಲಿ ಎರಡು ವರ್ಷ ಬೆನ್ನುಹತ್ತಿ ನೋಡಿದವರು 2008ರಲ್ಲಿ ವರದಿ ಪ್ರಕಟಿಸಿದರು. ಬಾಯಲ್ಲಿ ಆ ತಳಿಯೊಂದನ್ನೇ ಹೊತ್ತವರಿಗೆ ಎಲುಬು ಕರಗುವ ಅಪಾಯ, ಈ ಬ್ಯಾಕ್ಟೀರಿಯಾವೇ ಇಲ್ಲದವರಿಗಿಂತ ಸುಮಾರು 18 ಪಟ್ಟು ಹೆಚ್ಚಿತ್ತು.

ಬ್ಯಾಕ್ಟೀರಿಯಾ ಕಥೆಯ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಲೀವೆನ್‌ಹುಕನ ಯಾವ ಮಸೂರಕ್ಕೂ ಕಾಣುವಂತಿರಲಿಲ್ಲ. ಅದನ್ನು ಊಹಿಸಿದವನು ಅದೇ ಡೆಲ್ಫ್ಟಿನಲ್ಲಿದ್ದ ಇನ್ನೊಬ್ಬ ಮನುಷ್ಯ, ಅಲ್ಲಿಯ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕ ಬೈಯರಿಂಕ್. ಹೊಗೆಸೊಪ್ಪಿನ ಎಲೆಗೆ ಬರುವ ಚುಕ್ಕೆರೋಗದ ರಸವನ್ನು ಬ್ಯಾಕ್ಟೀರಿಯಾಗಳೂ ದಾಟಲಾಗದ ಸೋಸುಗದಲ್ಲಿ ಸೋಸಿದರೂ ಅದರ ಸೋಂಕು ಉಳಿಯುತ್ತಿತ್ತು. ರಷ್ಯದ ಇವನೋವ್‌ಸ್ಕಿ 1892ರಲ್ಲಿ ಇದನ್ನು ಗಮನಿಸಿದ್ದನು. ಇದು ಬ್ಯಾಕ್ಟೀರಿಯಾವಲ್ಲ, ಜೀವಕೋಶದೊಳಗೆ ಹೊಕ್ಕು ಬೆಳೆಯುವ ಬೇರೆಯದೇ ಒಂದು ಸೋಂಕೆಂದು 1898ರಲ್ಲಿ ಹೇಳಿ, ಅದನ್ನು ವೈರಸ್ ಎಂದು ಕರೆದವನು ಬೈಯರಿಂಕ್. 1905ರಲ್ಲಿ ಅವನಿಗೆ ಸಂದ ಗೌರವ ಲೀವೆನ್‌ಹುಕನ ಹೆಸರಿನ ಪದಕ. ಒಂದೇ ಊರು ಈ ಕಥೆಯ ಎರಡು ತುದಿಗಳನ್ನೂ ಹಿಡಿದುಕೊಟ್ಟಿತು; ನಡುವಣ ಅಂತರ 215 ವರ್ಷ.

ಆ ಎರಡು ತುದಿಗಳನ್ನು ಗಂಟುಹಾಕುವ ಕೆಲಸ 1990ರ ದಶಕದಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಸ್ಲಾಟ್ಸ್ ಮತ್ತು ಕಾಂಟ್ರೆರಾಸ್ ಎಂಬ ಸಂಶೋಧಕರು ಉಗ್ರವಾಗಿ ಹಬ್ಬಿದ ವಸಡುರೋಗದ ಆಳವಾದ ಸಂದುಗಳಲ್ಲಿ ಹರ್ಪಿಸ್ ಕುಲದ ಎರಡು ವೈರಸ್‌ಗಳನ್ನು, ಅಂದರೆ ಸೈಟೊಮೆಗಾಲೊ ಮತ್ತು ಎಪ್‌ಸ್ಟೈನ್ ಬಾರ್ ವೈರಸ್‌ಗಳನ್ನು, ಮತ್ತೆ ಮತ್ತೆ ಕಂಡರು. ಇವು ಬಹುಮಂದಿಯ ಮೈಯೊಳಗೆ ಚಿಕ್ಕಂದಿನಲ್ಲಿಯೇ ಸೇರಿ ಸುಮ್ಮನೆ ಮಲಗಿರುತ್ತವೆ. ಯಾವುದೋ ಕಾರಣದಿಂದ ಎಚ್ಚೆತ್ತಾಗ ವಸಡಿನ ರಕ್ಷಣೆಯನ್ನು ಸಡಿಲಿಸುತ್ತವೆ, ಆ ಸಡಿಲಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಬೆಳೆದ ಬ್ಯಾಕ್ಟೀರಿಯಾಗಳು ಎಬ್ಬಿಸುವ ಉರಿ ವೈರಸ್‌ಗಳನ್ನು ಮತ್ತಷ್ಟು ಕೆರಳಿಸುತ್ತದೆ ಎಂಬುದು ಇವರ ವಾದ. ಒಳಗಿನವನು ಅಗುಳಿ ತೆಗೆದರೆ ಹೊರಗಿನವನಿಗೆ ಬಾಗಿಲೊಡೆಯುವ ಶ್ರಮವಿರುವುದಿಲ್ಲವಷ್ಟೆ. ಆದರೆ ವೈರಸ್ ಅಲ್ಲಿರುವುದು ಸಿದ್ಧವಾಗಿದೆಯೇ ಹೊರತು ಅದೇ ಕಾರಣವೆಂಬುದು ಇನ್ನೂ ಸಿದ್ಧವಾಗಿಲ್ಲ. ಮನೆತನದಲ್ಲಿ ಇಳಿದುಬರುವ ಗುಣವೂ ಇದರಲ್ಲಿ ಪಾಲುಗೊಳ್ಳುತ್ತದೆ; ಅಪ್ಪನಿಗೂ ಹೀಗೆಯೇ ಆಗಿತ್ತೆಂಬ ಹುಡುಗನ ಮಾತು ಆದುದರಿಂದ ಹುಸಿಯಲ್ಲ. ಅದರಿಂದ ಅವನು ತೆಗೆಯುವ ತೀರ್ಮಾನ ಮಾತ್ರ ಹುಸಿ. ಅಪ್ಪನಿಗೆ ಆಗಿದ್ದರೆ ಮಗ ಇನ್ನೂ ಬೇಗ ವೈದ್ಯರ ಬಳಿ ಹೋಗಬೇಕು.

ಈ ಮಾತನ್ನು ನಾನು ನನ್ನ ಹುಡುಗರಿಗೆ ಪಾಠದ ನಡುವೆ ಹೇಳುವುದುಂಟು. ಎಲುಬು ಒಮ್ಮೆ ಕರಗಿದರೆ ಮುನ್ನಿನಂತೆ ತುಂಬಿಬರುವುದು ಕಷ್ಟ. ಆದರೆ ಕರಗುವುದನ್ನು ತಡೆಯಬಹುದು. ಬೇರಿನವರೆಗೆ ಪಾಚಿಯನ್ನು ಕೆರೆದು ತೆಗೆಯುವುದು, ವೈದ್ಯರು ಹೇಳಿದರೆ ಸೂಕ್ಷ್ಮಜೀವಿನಾಶಕ ಔಷಧ ಕೊಳ್ಳುವುದು, ಕೆಲವು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು ಇದರ ಚಿಕಿತ್ಸೆ. ಕಲಬುರಗಿಯಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಆಳಂದದಿಂದಾಗಲಿ, ಅಫಜಲಪುರದಿಂದಾಗಲಿ, ಜೇವರ್ಗಿಯಿಂದಾಗಲಿ ಬೆಳಗ್ಗೆ ಬಸ್ಸು ಹತ್ತಿದವನು ಸಂಜೆಗೆ ಮನೆ ಸೇರಬಹುದು. ತಂಬಾಕನ್ನು ಬಿಡಬೇಕೆಂಬುದನ್ನು ಬೇರೆಯಾಗಿಯೇ ಹೇಳಬೇಕು. ಸುಣ್ಣ ತಂಬಾಕಿನ ಚೀಟಿ, ಗುಟಕಾ, ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದು, ಬೀಡಿ ಇವೆಲ್ಲ ವಸಡಿನ ವೈರಿಗಳು. ಹೊಗೆ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಒಸರುವುದರಿಂದ ರೋಗವಿಲ್ಲವೆಂಬ ಭ್ರಮೆಯೂ ಹುಟ್ಟುತ್ತದೆ; ರೋಗ ಒಳಗೊಳಗೇ ಬೆಳೆಯುತ್ತದೆ.

ಲೀವೆನ್‌ಹುಕನನ್ನು ದೊಡ್ಡವನನ್ನಾಗಿಸಿದುದು ಅವನ ಮಸೂರವೊಂದೇ ಎಂದು ನಾನು ನಂಬಲಾರೆ. ಅಂದಿನ ಯೂರೋಪಿನಲ್ಲಿ ಮಸೂರವಿದ್ದವರು ಹಲವರಿದ್ದರು. ಆದರೆ ತನ್ನ ಹಲ್ಲಿನ ಕೊಳೆಯನ್ನೇ ಕಡ್ಡಿಯ ತುದಿಯಲ್ಲಿ ತೆಗೆದು, ನಾಚಿಕೊಳ್ಳದೆ ಬೆಳಕಿನೆದುರು ಹಿಡಿದು, ಕಂಡುದನ್ನು ಊರಿಗೆಲ್ಲ ಹೇಳಿದವನು ಅವನೊಬ್ಬನೇ. ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗನು ಅವನಿಂದ ಕಲಿಯಬೇಕಾದುದು ಆ ನಿಸ್ಸಂಕೋಚವನ್ನು. ಹಲ್ಲುಜ್ಜುವಾಗ ರಕ್ತ ಬರುತ್ತಿದೆಯೆ, ಹಲ್ಲುಗಳ ನಡುವೆ ಹೊಸದಾಗಿ ಸಂದು ಬಿದ್ದಿದೆಯೆ, ಬೆರಳಿಟ್ಟರೆ ಅಲುಗುತ್ತದೆಯೆ ಎಂಬಿಷ್ಟನ್ನು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳುವುದಕ್ಕೆ ಯಾವ ಮಸೂರವೂ ಬೇಕಾಗಿಲ್ಲ.